ಹಪ್ಪಳ ಕಾಯೋ ರಿವಾಲ್ವರು

ನಗುವಂಥ ಸಂಗತಿ ನಮ್ಮ ಮನೆಯಲ್ಲಿ ಇವತ್ತಿಗೂ ನಿಂತಿಲ್ಲ. ನಗುವವರು ಒಬ್ಬರು ಕಡಿಮೆಯಾಗಿದ್ದಾರೆ, ಅಷ್ಟೇ.

ಮನೆ ಮಲ್ಲೇಶ್ವರದಲ್ಲಿ. ಕೆಲಸ ಮಾಡಿದ್ದು ಚಾಮರಾಜಪೇಟೆಯ ಒಂದು ಶೆಡ್ಡಿನಲ್ಲಿ, ಲೇತ್ ಮಿಷನ್ ಮುಂದೆ. ಓದು ಹತ್ತಲಿಲ್ಲ. ಮಕ್ಕಳಾಗಲಿಲ್ಲ. ಹೆಂಡತಿ ಹೋದ ಮೇಲೆ ಅವಳದ್ದು ಅಂತ ನಾನು ಇಟ್ಟುಕೊಂಡಿರೋದು ಎರಡು. ಒಂದು ಡಬ್ಬಿ ಹಪ್ಪಳ, ಆಸ್ಪತ್ರೆಗೆ ಸೇರೋ ಮುಂಚೆ ಅವಳೇ ಲಟ್ಟಿಸಿದ್ದು. ಇನ್ನೊಂದು ರಿವಾಲ್ವರು. ಆ ಹಪ್ಪಳ ಕೆಡಬಾರದು, ಕೋತಿ ಬಾಯಿಗೂ ಹೋಗಬಾರದು. ಅವಳ ಕೈಯಿಂದ ಇನ್ನೊಂದು ಡಬ್ಬಿ ಬರೋದಿಲ್ಲ.

ಯಾರಿಗೆ

ಮಲ್ಲೇಶ್ವರದಲ್ಲಿ ತಾರಸಿ ಮೇಲೆ ಏನೇ ಒಣಗಿಸಿದರೂ ಕೋತಿಗೆ ಅರ್ಧ ಪಾಲು. ಅವಳಿಗೆ ರೋಸಿಹೋಗಿ ನನ್ನನ್ನ ಆಟದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಒಂದು ರಿವಾಲ್ವರ್ ತೆಗೆದ. ಏರ್‌ಸಾಫ್ಟ್ ಅಂತಾರಂತೆ. ಒಳಗೆ ಸ್ಪ್ರಿಂಗು, ಗಾಳಿ ತಳ್ಳತ್ತೆ, ಪ್ಲಾಸ್ಟಿಕ್ ಗುಂಡು ಹಾರತ್ತೆ. ನೋಡೋಕೆ ಥೇಟ್ ಪೊಲೀಸರದ್ದು.

ಮಗುಗೆ ಎಷ್ಟು ವಯಸ್ಸು ಅಂತ ಕೇಳಿದ.

"ಮಗುಗಲ್ಲ. ಕೋತಿಗೆ" ಅಂದಳು.

ಅವನು ಹಿಂದೆ ನಿಂತಿದ್ದ ನನ್ನನ್ನ ನೋಡಿದ.

ರಿಪೇರಿ

ಮೊದಲು ಮುರಿದದ್ದು ಕುದುರೆ. ಬೆರಳಲ್ಲಿ ಎಳೀತೀವಲ್ಲ, ಅದು. ನಾನು ಶೆಡ್ಡಿಗೆ ಒಯ್ದು ಹಿತ್ತಾಳೆದು ಮಾಡಿದೆ. ಆಮೇಲೆ ಹಿಂದಿನ ಸುತ್ತಿಗೆ ಮುರೀತು. ಅದನ್ನ ಉಕ್ಕಲ್ಲಿ ಮಾಡಿದೆ. ಗುಂಡು ತುಂಬೋ ಉರುಳೆ ಮುರಿದಿರಲಿಲ್ಲ. ಆದರೂ ಹಿತ್ತಾಳೆ ಮಾಡಿದೆ. ಪ್ಲಾಸ್ಟಿಕ್ ಕಂಡರೆ ಲೇತ್ ಕೆಲಸದವನಿಗೆ ಕೈ ತಡೆಯಲ್ಲ. ಕೊಳವೆಯನ್ನೂ ಬಿಡಲಿಲ್ಲ. ಪಾಲಿಶ್ ಹಾಕಿದ ಮೇಲೆ ಶೆಡ್ಡಿನವರೆಲ್ಲ ಕೈಲಿ ಹಿಡಿದು ಫೋಟೊ ತೆಗೆಸಿಕೊಂಡರು.

ಹಿಡಿ ಒಂದನ್ನ ಮಾತ್ರ ಅವಳು ಮುಟ್ಟಗೊಡಲಿಲ್ಲ. ತನ್ನ ಕೈಗೆ ಕೂತಿದೆ, ಅದು ಹಂಗೇ ಇರಲಿ ಅಂದಳು.

ತಾರಸಿಗೆ ತಗೊಂಡು ಹೋಗಿ ಹೊಡೆದಳು. ಹಿತ್ತಾಳೆ ಉರುಳೆಗೂ ಕೊಳವೆಗೂ ನಡುವೆ ಸಂದು ಬಿದ್ದು ಗಾಳಿ ಅಲ್ಲೇ ಸೋರ್ತಿತ್ತು. ಗುಂಡು ಕಾಲ ಹತ್ತಿರ ಬಿತ್ತು.

"ರೀ, ಮೊದಲು ಇದರಲ್ಲಿ ಕೋತಿಗೆ ಹೊಡೀಬಹುದಿತ್ತು. ಈಗ ಇದನ್ನೇ ಕೋತಿ ಮೇಲೆ ಎಸೀಬೇಕು."

ಸರಿ ಮಾಡ್ತೀನಿ ಅಂದೆ. ಬೇಡ ಅಂದಳು. ಹಪ್ಪಳ ಹಾಕಿದ ಪಂಚೆಯ ಮೂಲೆಗೆ ಅದನ್ನ ಇಟ್ಟಳು. ಎಂಥ ಗಾಳಿಗೂ ಪಂಚೆ ಅಲ್ಲಾಡಲಿಲ್ಲ. ನಿಮ್ಮ ಕೆಲಸ ದಂಡ ಆಗಲಿಲ್ಲ ಬಿಡಿ ಅಂದಳು. ಕೋತಿ ವಿಷಯ ತಾನೇ ನೋಡ್ಕೋತೀನಿ ಅಂತಲೂ ಅಂದಳು. ಹೆಂಗೆ ಅಂತ ನಾನು ಕೇಳಲಿಲ್ಲ. ಆಮೇಲೆ ಅವಳು ಲಟ್ಟಿಸಿದ ಹಪ್ಪಳವೇ ಈಗ ಡಬ್ಬಿಯಲ್ಲಿರೋದು.

ತಿಥಿ ದಿನ

ತಿಥಿಗೆ ಬಂದ ನೆಂಟರು ಆ ಹಪ್ಪಳವನ್ನೇ ಕರಿಯೋಣ ಅಂದರು. ನಾನು ಡಬ್ಬಿ ಟ್ರಂಕಿಗೆ ಹಾಕಿ ಬೀಗ ಜಡಿದೆ. ಅದು ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ನನ್ನ ಬಾಮೈದ ಹಾಸಿಗೆ ಮಡಿಸೋಕೆ ಹೋಗಿ ದಿಂಬಿನ ಕೆಳಗೆ ರಿವಾಲ್ವರ್ ನೋಡಿಬಿಟ್ಟ.

ಅಡುಗೆಮನೆಯಲ್ಲಿ ಗುಸುಗುಸು. ನನಗೆ ಗೊತ್ತಾಗಲಿಲ್ಲ. ಸ್ನಾನ ಮಾಡಿ ಪಂಚೆ ಒಣಗಿಸೋಣ ಅಂತ ಹೋದರೆ ಹಗ್ಗ ಇಲ್ಲ. ಸೌತೆಕಾಯಿ ಹೆಚ್ಚೋಣ ಅಂದರೆ ಚಾಕು ಇಲ್ಲ. ಕಕ್ಕಸಿಗೆ ಹೋದರೆ ಬಾಮೈದ ಬಾಗಿಲಲ್ಲಿ ನಿಂತು, "ಭಾವ, ಇದೀರಾ?" ಅಂತಾನೆ. ಇದೀನಿ ಅಂತೀನಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಭಾವ, ಇನ್ನೂ ಇದೀರಾ?" ಕೂತ ಕೆಲಸ ಆಗದೆ ಎದ್ದು ಬಂದೆ.

ಕೊನೆಗೆ ಎಲ್ಲರನ್ನೂ ಕೂರಿಸಿ, ನನ್ನ ಅಂಗೈಗೇ ಹಿಡಿದು ಹೊಡೆದು ತೋರಿಸಿದೆ. ಗುಂಡು ಕೈಲಿ ಕೂತಿತು, ಕೋಸಂಬರಿ ಬಡಿಸಿದ ಹಾಗೆ. ಬಾಮೈದನ ಮುಖ ಇಳಿದುಹೋಯ್ತು. ಇಷ್ಟೇನಾ ಅಂದ.

ಸಂಜೆ ಬಸ್ಸಿಗೆ ಎಲ್ಲರೂ ಹೊರಟರು. ನಾನು ಸಾಯೋದಿಲ್ಲ ಅಂತ ಗ್ಯಾರಂಟಿ ಆದ ಮೇಲೆ ಯಾರೂ ಈ ಕಡೆ ತಲೆ ಹಾಕಿಲ್ಲ.

ಸ್ಟೇಷನ್ನಿನಲ್ಲಿ

ಈ ನಡುವೆ ಡಬ್ಬಿ ತೆಗೆದರೆ ಹಪ್ಪಳ ಮೆತ್ತಗಾಗಿತ್ತು. ಬಿಸಿಲಿಗೆ ಹಾಕಲೇಬೇಕು. ಬಿಸಿಲಿಗೆ ಹಾಕಿದರೆ ಕೋತಿ. ರಿವಾಲ್ವರಿಗೆ ಬಿಗಿ ಸ್ಪ್ರಿಂಗ್ ಹಾಕಿಸೋಣ ಅಂತ ಚೀಲದಲ್ಲಿಟ್ಟುಕೊಂಡು ಪೇಟೆ ಕಡೆ ಹೊರಟೆ. ಬಸ್ಸಿಗೆ ಕಾದು ಸಾಕಾಗಿ ಮೆಟ್ರೊ ಹತ್ತೋಕೆ ಹೋದೆ. ಅಲ್ಲಿ ಚೀಲವನ್ನ ಮಿಷನ್ನಿನೊಳಗೆ ಕಳಿಸಬೇಕು. ಕಳಿಸಿದೆ. ನನ್ನ ಹಿಂದೆ ಇದ್ದ ಕ್ಯೂ ಒಂದೇ ಸಲಕ್ಕೆ ಖಾಲಿಯಾಯ್ತು. ಅಷ್ಟು ಆರಾಮಾಗಿ ನಾನು ಬೆಂಗಳೂರಲ್ಲಿ ಯಾವತ್ತೂ ನಿಂತಿಲ್ಲ.

ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಇನ್‌ಸ್ಪೆಕ್ಟರು ಕೈಲಿ ತೂಗಿ ನೋಡಿ ಇದು ಯಾರದು ಅಂತ ಕೇಳಿದರು. ಹೆಂಡತಿದು ಅಂದೆ.

"ಕರೆಸಿ ಅವರನ್ನ."

"ನನ್ನ ಕೈಲಿ ಆಗಲ್ಲ ಸಾರ್. ನಿಮ್ಮ ಕೈಲಾದರೆ ಕರೆಸಿ."

ಅವರಿಗೆ ಕೋಪ ಬಂತು. ಆಮೇಲೆ ನನ್ನ ಬೋಳಿಸಿದ ತಲೆ ನೋಡಿದರು. ಕೋಪ ಹೋಯ್ತು. ಕೂತ್ಕೊಳ್ಳಿ ಅಂದು, ಹೊಡೆದು ತೋರಿಸಿ ಅಂದರು. ಹೊಡೆದೆ. ಗುಂಡು ಮೇಜಿನ ಈ ತುದಿಯಿಂದ ಹೊರಟು ಆ ತುದಿ ಮುಟ್ಟಲಿಲ್ಲ. ಕಾನ್‌ಸ್ಟೇಬಲ್‌ಗಳು ಬೇರೆ ಕಡೆ ಮುಖ ತಿರುಗಿಸಿದರು.

ಇನ್‌ಸ್ಪೆಕ್ಟರು ಟೀ ತರಿಸಿದರು. ಇಂಥದ್ದನ್ನ ಹೊರಗೆ ಹಿಡಕೊಂಡು ಓಡಾಡಬೇಡಿ, ಸ್ಪ್ರಿಂಗ್‌ಗಿಂಗು ಅಂತ ಹೋಗಬೇಡಿ ಅಂದರು. ಚೀಲ ವಾಪಸ್ ಕೊಡುವಾಗ, "ಇದನ್ನ ಜಪ್ತಿ ಮಾಡಿದರೆ ನಮ್ಮ ಮರ್ಯಾದೆ ಹೋಗತ್ತೆ" ಅಂದರು.

ತಾರಸಿ

ಮಾರನೇ ದಿನ ಬಿಸಿಲು ಚೆನ್ನಾಗಿತ್ತು. ಪಂಚೆ ಹಾಸಿ ಹಪ್ಪಳ ಹರಡಿ, ಪಕ್ಕದಲ್ಲೇ ಕೂತೆ. ಕೈಲಿ ರಿವಾಲ್ವರು. ಹಿಡಿ ನನ್ನ ಕೈಗೆ ಚಿಕ್ಕದು.

ದೊಡ್ಡ ಗಡವ ಕೋತಿ ಬಂತು, ಕಿವಿ ಹರಿದದ್ದು. ಹಳೆಯ ಗಿರಾಕಿ. ಗುರಿ ಇಟ್ಟೆ, ಹೊಡೆದೆ. ಗುಂಡು ಉರುಳಿಕೊಂಡು ಅದರ ಮುಂದೆ ಹೋಗಿ ನಿಂತಿತು. ಕೋತಿ ಅದನ್ನ ಎತ್ತಿಕೊಂಡು ಕಚ್ಚಿ ನೋಡಿ, ಉಗಿಯಿತು.

ಆದರೆ ಹಪ್ಪಳ ಮುಟ್ಟಲಿಲ್ಲ. ಮೆಟ್ಟಿಲ ಬಾಗಿಲ ಕಡೆ ನೋಡಿತು. ಅವಳು ಯಾವಾಗಲೂ ಕೆಳಗಿಂದಲೇ, "ಬಂದೆ ಇರು, ನಿನ್ನ ಕಾಲು ಮುರೀತೀನಿ" ಅಂತ ಕೂಗಿಕೊಂಡೇ ಹತ್ತೋಳು. ಅದು ಹೆದರುತ್ತಿದ್ದದ್ದು ಆ ಕೂಗಿಗೆ. ನನ್ನ ಹಿತ್ತಾಳೆಗೆ ಯಾವತ್ತೂ ಹೆದರಿರಲಿಲ್ಲ. ಬಾಗಿಲು ನೋಡ್ತಾ ಕೂತಿತು. ನಾನೂ ನೋಡಿದೆ. ಇಬ್ಬರೂ ಸುಮಾರು ಹೊತ್ತು ಕಾದೆವು.

ಯಾರೂ ಬರೋದಿಲ್ಲ ಅಂತ ನನಗಿಂತ ಮೊದಲು ಅದಕ್ಕೆ ಅರ್ಥವಾಯ್ತು. ಬಂದು ಒಂದು ಹಪ್ಪಳ ಎತ್ತಿತು. ಎಸೆಯೋಣ ಅಂತ ರಿವಾಲ್ವರ್ ಎತ್ತಿದೆ. ಹಿಡಿ ಅವಳದ್ದು. ಒಡೆದರೆ? ಕೈ ಇಳಿಸಿ ಅದನ್ನ ಪಂಚೆಯ ಮೂಲೆಗೆ ಇಟ್ಟೆ. ತಿನ್ನು ಅಂದೆ.

ಕಚ್ಚಿತು. ಅಗಿಯಿತು. ನಿಂತಿತು. ನಾಲಿಗೆ ಹೊರಗೆ ಹಾಕಿ ಎರಡೂ ಕೈಲಿ ಉಜ್ಜಿತು. ನಾನು ನಿಜವಾದ ಗುಂಡೇ ಹೊಡೆದ ಹಾಗೆ ನನ್ನನ್ನ ನೋಡಿ, ಕಿರುಚಿಕೊಂಡು, ಪಕ್ಕದ ಮನೆ ನೀರಿನ ಟ್ಯಾಂಕು ಹಾರಿ ಓಡಿತು.

ತಾನೇ ನೋಡ್ಕೋತೀನಿ ಅಂದಿದ್ದಳಲ್ಲ. ಖಾರದಪುಡಿ ಎಷ್ಟು ಸುರಿದಿದ್ದಳೋ.

ನಾನೂ ಒಂದರ ಅಂಚು ಮುರಿದು ಬಾಯಿಗೆ ಹಾಕಿಕೊಂಡೆ. ಕೋತಿ ಓಡಿದ್ದರಲ್ಲಿ ತಪ್ಪೇನಿಲ್ಲ. ನಾನು ಎಲ್ಲಿಗೆ ಓಡಲಿ.