ನೀಲಾಂಬಿಕೆಯ ಚುಕ್ಕಿಭೇದನ ಪರಾಕ್ರಮ

ಕಿವಿಗೊಡಿರಿ, ಸಕಲ ಸಹೃದಯರೇ! ಪ್ರಬಂಧವೇ ಪ್ರಾಣವಾಗಿ, ಗೈಡಿನ ರುಜುವೇ ಮೋಕ್ಷವಾಗಿ ಮೆರೆದ ಯುಗದಲ್ಲಿ, ಧಾರವಾಡದ ಕಾಲೇಜೊಂದರ ಮಾಳಿಗೆಯ ಮೇಲೆ, ಕಿರಣಕುಲಶಾಸನಧುರಂಧರೆ, ಮಸೂರಮರ್ಮಭೇದಿನಿ, ಚಹಾಮಾತ್ರಜೀವಿನಿ ನೀಲಾಂಬಿಕಾ ಹೊಸಮಠ ಎಂಬ ವೀರವನಿತೆ ವರ್ಷಾನುವರ್ಷ ಸಂಶೋಧನಾತಪಸ್ಸಿನಲ್ಲಿ ಬೆಂದು ಹೈರಾಣಾಗಿದ್ದಳು.

ಆಕೆಯ ವೈರಿಗಳೋ, ಎದುರಿನ ಹಾಸ್ಟೆಲಿನ ನೀರಿನ ಟ್ಯಾಂಕಿಗೆ ಕಟ್ಟಿದ ಕರಿಹಲಗೆಯ ಮೇಲಿನ ಎರಡು ಬಿಳಿ ಚುಕ್ಕಿಗಳು! ವಿಭಾಗದ ಮುದಿ ದೂರದರ್ಶಕದಲ್ಲಿ ಆ ಪಾಪಿಗಳು ಒಂದಕ್ಕೊಂದು ಕಲಸಿಕೊಂಡು ಒಂದೇ ಚುಕ್ಕಿಯಾಗಿ ಕಾಣುತ್ತಿದ್ದವು. ಅವನ್ನು ಬೇರ್ಪಡಿಸಲೆಂದೇ ಆಕೆ ಗಾಜಿನ ಬಿಲ್ಲೆಯೊಂದನ್ನು ರಚಿಸಿದ್ದಳು. ನಡುವೆ ಕಪ್ಪು, ಅಂಚು ಬಯಲು. ಮಸೂರದ ನಡುಭಾಗದ ಬೆಳಕನ್ನು ತಡೆದು ಅಂಚಿನ ಬೆಳಕನ್ನಷ್ಟೇ ಒಳಬಿಟ್ಟರೆ, ಸುತ್ತ ಮಸುಕು ಬಳೆಯೊಂದು ಮೂಡಿದರೂ ಚುಕ್ಕಿಗಳು ಮಾತ್ರ ಕಿರಿದಾಗಿ ಬೇರೆಬೇರೆ ಕಾಣುತ್ತವೆ ಎಂಬುದು ಆಕೆಯ ಸಿದ್ಧಾಂತ.

ಗೈಡ್ ಪ್ರೊಫೆಸರ್ ವೀರಭದ್ರಪ್ಪ ಅಂಗಡಿಯವರು, ಕೆಂಪುಶಾಯಿಪ್ರಳಯಕರ್ತರು, ಇದನ್ನು ಕೇಳಿ ಗಹಗಹಿಸಿದ್ದರು. ಬಾಗಿಲು ಹಾಕಿಕೊಂಡು ಬೀಗರನ್ನು ಊಟಕ್ಕೆ ಕರೆದಂತಾಯಿತು ಎಂದಿದ್ದರು. ವಿಜಯದಶಮಿಯ ದಿನ ಎರಡು ಚುಕ್ಕಿ ತೋರಿಸಿದರೆ ರುಜು. ಇಲ್ಲವಾದರೆ ವಿಷಯ ಬದಲಿಸಿ ಮೊದಲಿನಿಂದ ಶುರು! ಆ ಚುಕ್ಕಿಗಳನ್ನು ಸೀಳದಿದ್ದರೆ ತಾನು ಹೊಸಮಠರ ಮಗಳೇ ಅಲ್ಲವೆಂದು ನೀಲಾಂಬಿಕೆ ಗರ್ಜಿಸಿ, ಮಹಾನವಮಿಯ ಬೆಳಿಗ್ಗೆಯೇ ಮಸೂರದ ಮುಂದೆ ಬಿಲ್ಲೆ ಕೂರಿಸಿ ಊರಿಗೆ ಹೋದಳು.

ದಶಮಿ ಬಂತು. ನೀಲಾಂಬಿಕೆ ಮಾಳಿಗೆ ಹತ್ತಿದವಳೇ ಗುರುಗಳ ಸಮ್ಮುಖದಲ್ಲಿ ಕಣ್ಣಿಟ್ಟು ನೋಡಿದಳು. ಎರಡು! ಅಯ್ಯೋ ದೇವರೇ, ಎರಡು! ವೀರಭದ್ರಪ್ಪನವರು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು, ನಿಟ್ಟುಸಿರಿಟ್ಟು ಪೆನ್ನು ತೆಗೆದರು. ಹಿಗ್ಗಿ ಹೀರೇಕಾಯಿಯಾದ ನಮ್ಮ ನಾಯಕಿ ತನ್ನ ದಿವ್ಯಾಸ್ತ್ರವನ್ನು ಕಣ್ತುಂಬಿಕೊಳ್ಳಲು ದೂರದರ್ಶಕದ ಮುಂದಕ್ಕೆ ಹೋದಳು.

ಅಲ್ಲಿ ಬಿಲ್ಲೆಯೇ ಇರಲಿಲ್ಲ.

ಹಿಂದಿನ ದಿನದ ಆಯುಧಪೂಜೆಯಲ್ಲಿ ಗುರುಗಳು ಸ್ಕ್ರೂಡ್ರೈವರಿನಿಂದ ಸ್ಟೇಪ್ಲರಿನವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಬಿಲ್ಲೆಯೂ ಒಂದು ಆಯುಧವೆಂದು ಅದನ್ನು ಬಿಚ್ಚಿ ದೇವರ ಪಟದ ಮುಂದಿಟ್ಟಿದ್ದರು. ಮರಳಿ ಕೂರಿಸುವುದನ್ನು ಮರೆತಿದ್ದರಿಂದ ಅದಿನ್ನೂ ಚೆಂಡುಹೂವಿನಡಿ ಮಲಗಿತ್ತು. ಬರಿದಾದ ಮಸೂರದ ನಟ್ಟನಡುವೆ ಅವರೇ ಹೆಬ್ಬೆರಳಿನಿಂದ ಒತ್ತಿದ ಗಂಧದ ಬೊಟ್ಟು ದುಂಡಗೆ ಕೂತಿತ್ತು!

ನೀಲಾಂಬಿಕೆ ಬೊಟ್ಟನ್ನೂ ಗುರುಗಳ ಕೈಯ ಪೆನ್ನನ್ನೂ ನೋಡಿದಳು. ಸುಮ್ಮನಿದ್ದರೆ ರುಜು ಬೀಳುತ್ತದೆ. ಆದರೆ ಬೊಟ್ಟಿನ ಗೆಲುವನ್ನು ಬಿಲ್ಲೆಯದೆಂದು ಬರೆಯುವುದಕ್ಕೆ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹೇಳಿಯೇಬಿಟ್ಟಳು.

"ಸರ್, ನನ್ನ ಬಿಲ್ಲೆ ಇಲ್ಲಿಲ್ರೀ. ಇದು ನೀವು ಹಚ್ಚಿದ ಗಂಧ."

ವೀರಭದ್ರಪ್ಪನವರು ಬಗ್ಗಿ ಬೊಟ್ಟನ್ನು ನೋಡಿದರು, ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಮುಖ ಗಂಧಕ್ಕಿಂತ ಹಳದಿಯಾಯಿತು.

"ಅಂದ್ರ, ನಡುವ ಮುಚ್ಚಿದ್ರ ಛಲೋ ಕಾಣತೈತಿ ಅನ್ನೂದನ್ನ ನಾನs ತೋರಿಸಿಕೊಟ್ಟಂಗಾತು," ಎಂದರು. "ತಾ ಇಲ್ಲೆ, ರುಜು ಮಾಡ್ತೀನಿ. ಈ ಬೊಟ್ಟಿನ ಮಾತು ಮಾತ್ರ ಸ್ಟಾಫ್ ರೂಮಿನ್ಯಾಗ ಎತ್ತಬ್ಯಾಡವಾ."

ರುಜು ಬಿತ್ತು. ನೀಲಾಂಬಿಕೆ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಗಂಧ ಮಾತ್ರ ಒಣಗಿ ಗಾಜಿಗೆ ಅಂಟಿಕೊಂಡಿತ್ತು. ಚುಕ್ಕಿಭೇದನಕೋವಿದೆಯೂ ಕೆಂಪುಶಾಯಿಪ್ರಳಯಕರ್ತರೂ ಮಧ್ಯಾಹ್ನದ ಊಟ ಬಿಟ್ಟು ಒದ್ದೆ ಹತ್ತಿಯಿಂದ ಮಸೂರ ಒರೆಸುತ್ತ ಕೂತರು.