ಏಳು ಆನೆಕಾಸು, ನಾಲ್ಕು ಬಾಟಲಿ ಕೋಲಾ

ಹೆಸರು ಶಾಂತ ಎಂದಿಟ್ಟವರು ಯಾರೋ, ಆ ಮಗು ಮುಂದೆ ತನ್ನದೇ ಒಂದು ಮಗುವನ್ನು ಹೆತ್ತಾಗ ಹೇಗಿದ್ದೀತೆಂದು ಯೋಚಿಸಿರಲಿಕ್ಕಿಲ್ಲ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮಲಯಾಳ ಸೀಮೆಯ ಕೇಣಿಚಿರದಿಂದ ಎರಡು ಮೈಲಿ ಒಳಗಿನ ಬೇಸಾಯಗಾರರ ಮನೆಗೆ ಸೊಸೆಯಾಗಿ ಬಂದ ಶಾಂತಳಿಗೆ ಈ ಆರು ತಿಂಗಳಿಂದ ಮಗು ಕೆಮ್ಮಿದರೆ ಚಿಂತೆ, ಕೆಮ್ಮದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂಬ ಚಿಂತೆ. ಕುದಿಸಬಹುದಾದ್ದನ್ನೆಲ್ಲ ಅವಳು ಕುದಿಸುತ್ತಿದ್ದಳು: ನೀರು, ಹಾಲು, ಚಮಚ, ಗಿಲಕಿ. (ಇನ್ನು ಉಳಿದಿರುವುದು ಮಗುವಿನ ಅಪ್ಪ ಮಾತ್ರ ಎಂದು ಮನೆಗೆಲಸಕ್ಕೆ ಬರುವ ವೆಳ್ಳಚ್ಚಿ ಹಿತ್ತಲಲ್ಲಿ ಹೇಳಿ ನಕ್ಕಿದ್ದಳಂತೆ.)

ಅಂಥವಳ ಮುಂದೆ ಅತ್ತೆ ನಾರಾಯಣಿ ಒಂದು ದಿನ ದೇವರ ಪೆಟ್ಟಿಗೆ ತೆರೆದು ಏಳು ಆನೆಕಾಸು ಹರಡಿದರು. ತಲೆಮಾರುಗಳ ಹಿಂದೆ ಗುಂಡ್ಲುಪೇಟೆ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಹಿರಿಯರು ತಂದ ತಾಮ್ರದ ಕಾಸುಗಳು. ಮೇಲೆ ಆನೆ ಇದೆಯೆಂದು ಹೇಳಿದವರನ್ನು ನಂಬಬೇಕು, ಅಷ್ಟು ಕೊಳೆ. ಹಿರಿಯ ಮಗನಿಗೆ ಮೊದಲ ಅನ್ನ ಉಣಿಸುವ ದಿನ ಅವನ ಅಪ್ಪ ಚಿಕ್ಕಂದಿನಲ್ಲಿ ಧರಿಸಿದ್ದ ಕಾಸನ್ನೇ ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟುವುದು ಆ ಮನೆಯ ಪದ್ಧತಿ. ಉಳಿದ ಮಕ್ಕಳಿಗೆ ಬೇರೆ ಒಂದೊಂದು. ಒಂದು ವರ್ಷ ಆದ ಮೇಲೆ ಅದು ಮತ್ತೆ ಪೆಟ್ಟಿಗೆಗೆ. ಬೇರೆಯವರ ಕಾಸು ಕಟ್ಟಿದರೆ ಮಗುವಿಗೆ ಅವರ ಗುಣ ಬರುತ್ತದೆ.

"ತೊಳೀಬಾರ್ದು ಮಗಳೇ. ಕೊಳೆಯೇ ಇದರ ಗುರುತು. ಅಂಚಲ್ಲಿ ಹಸಿರು ಹಿಡಿದದ್ದು ನಿನ್ನ ಗಂಡಂದು. ಈ ಜಿಡ್ಡು ಮೆತ್ತಿದ್ದು ಚಿಕ್ಕಪ್ಪ ಮಾಧವಂದು," ಎಂದರು ಅತ್ತೆ.

ಚಿಕ್ಕಪ್ಪ ಮಾಧವನ್ ಐವತ್ತು ದಾಟಿದವರು. ಬೆಳಿಗ್ಗೆ ಶುರುಮಾಡಿದ ಕೆಲಸವನ್ನು ಮಧ್ಯಾಹ್ನದ ಊಟದಾಚೆಗೆ ಕೊಂಡೊಯ್ದ ಇತಿಹಾಸ ಅವರಿಗಿರಲಿಲ್ಲ. ಆದರೂ ಶಾಂತಳಿಗೆ ಹೆದರಿಕೆಯಾದದ್ದು ಅವರ ಗುಣದಿಂದಲ್ಲ, ಗಂಡನ ಕಾಸಿನ ಹಸಿರಿನಿಂದ. ತಾಮ್ರದ ಕಿಲುಬು ವಿಷ. ಇಡೀ ಲೋಕವನ್ನು ಬಾಯಿಂದಲೇ ಪರಿಚಯ ಮಾಡಿಕೊಳ್ಳುತ್ತಿದ್ದ ಮಗು ವಿಜಯನ್ ಕೊರಳಿಗೆ ಆ ವಿಷವನ್ನು ಒಂದು ವರ್ಷ ಕಟ್ಟುವುದೆಂದರೆ ಅವಳ ಬಿ.ಎಸ್ಸಿ. ಪದವಿಗೇ ಅವಮಾನ.

ಯಾವುದೋ ಮಹಿಳಾ ವಾರಪತ್ರಿಕೆಯಲ್ಲಿ ಕೋಲಾದಲ್ಲಿ ನೆನೆಹಾಕಿದರೆ ಹಳೆಯ ನಾಣ್ಯ ಹೊಳೆಯುತ್ತದೆಂದು ಓದಿದ್ದು ನೆನಪಾಯಿತು. ಗಂಡ ಬಾಲಕೃಷ್ಣನ್ ಪಾಪದ ಮನುಷ್ಯ. ಯಾಕೆ ಏನು ಎಂದು ಕೇಳದೆ ಸುಲ್ತಾನ್ ಬತ್ತೇರಿಯಿಂದ ನಾಲ್ಕು ಬಾಟಲಿ ಕೋಲಾವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಒಂದನ್ನು ತಾನು ಕುಡಿಯಬಹುದೇ ಎಂದು ಮಾತ್ರ ಕೇಳಿದ. ಕೂಡದು ಎಂದಳು. ಆಗಲಿ ಎಂದ. ಇಂಥ ಗಂಡ ಸಿಕ್ಕಿದ್ದಕ್ಕೆ ಯಾವ ದೇವರಿಗೆ ಕೈಮುಗಿಯಬೇಕೆಂದು ಶಾಂತಳಿಗೆ ಆಗಾಗ ಅನ್ನಿಸುತ್ತಿತ್ತು, ಆದರೆ ಮಗುವಿನ ಗದ್ದಲದಲ್ಲಿ ಮರೆತುಹೋಗುತ್ತಿತ್ತು.

ಅನ್ನ ಉಣಿಸುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ನೇಂದ್ರ ಬಾಳೆಗೊನೆ ತರಲು ಪಯ್ಯಂಪಳ್ಳಿಗೆ ಹೋದರು, ಗಂಡ ನೆಂಟರನ್ನು ಕರೆಯಲು ಹೋದ. ಶಾಂತಳ ಪ್ರಯೋಗಶಾಲೆ ಜಗಲಿಯ ಮೇಲೆ ಉದ್ಘಾಟನೆಗೊಂಡಿತು. ಒಂದೇ ಕಾಸು ತೊಳೆಯಬೇಕೆಂದಿದ್ದಳು. ಆದರೆ ತೊಳೆದದ್ದು ತೊಳೆಯದವುಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕೂತರೆ ತೊಳೆದೇನು ಪ್ರಯೋಜನ? ಏಳನ್ನೂ ಮಣ್ಣಿನ ಚಟ್ಟಿಗೆ ಹಾಕಿ ಒಂದು ಬಾಟಲಿ ಕೋಲಾ ಸುರಿದಳು. ಒಂದು ಗಂಟೆ ಕಾದರೂ ಆನೆಗಳು ಹೊರಬರಲಿಲ್ಲ. ಎರಡನೆಯದು ಸುರಿದಳು, ಮೂರನೆಯದೂ ಹೋಯಿತು. ತಾಳ್ಮೆ ಮುಗಿದು ಆ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಕಾಸುಗಳನ್ನು ವಿನಿಗರ್, ಉಪ್ಪು, ಹುಣಸೆಹಣ್ಣು, ಹಲ್ಲುಪುಡಿ ಎಲ್ಲದರಲ್ಲೂ ಉಜ್ಜಿ, ತೆಂಗಿನ ನಾರಿನಿಂದ ತಿಕ್ಕಿ ತೊಳೆದಳು.

ಆಗ ಬಂದವು ಆನೆಗಳು. ಏಳು ಆನೆ, ಸೊಂಡಿಲು ಸಮೇತ, ಹೊಸ ತಾಮ್ರದ ಬಣ್ಣದಲ್ಲಿ ಫಳಫಳ. ಶಾಂತಳಿಗೆ ಸಂತೋಷದಿಂದ ಕಣ್ಣು ತುಂಬಿತು.

ಪಕ್ಕದಲ್ಲಿ ಮಗುವನ್ನು ತೊಡೆಯ ಮೇಲೆ ಆಡಿಸುತ್ತಿದ್ದ ವೆಳ್ಳಚ್ಚಿ ಬಗ್ಗಿ ನೋಡಿದಳು. "ಚೆನ್ನಾಗಾಯ್ತು ಸಣ್ಣವ್ವಾ. ಇದರಲ್ಲಿ ಯಜಮಾನ್ರದ್ದು ಯಾವುದು?"

ಶಾಂತ ಮೊದಲನೆಯದನ್ನು ನೋಡಿದಳು, ಏಳನೆಯದನ್ನು ನೋಡಿದಳು, ಮತ್ತೆ ಮೊದಲನೆಯದನ್ನು ನೋಡಿದಳು. ಕಾಸಿನ ಗುಣ ಮಗುವಿಗೆ ಬರುತ್ತದೆಂಬುದನ್ನು ಬೆಳಿಗ್ಗೆಯವರೆಗೆ ನಂಬದಿದ್ದವಳು ಆ ಕ್ಷಣದಿಂದ ಪೂರ್ತಿಯಾಗಿ ನಂಬಿದಳು. ಕಣ್ಣೆದುರು ತನ್ನ ಮಗ ಐವತ್ತು ವರ್ಷದವನಾಗಿ, ಊಟ ಮಾಡಿ ಚಾಪೆಯ ಮೇಲೆ ಬಿದ್ದುಕೊಂಡಿದ್ದ.

ಗಾಬರಿಯಲ್ಲಿ ಸಾಕ್ಷಿ ಅಳಿಸಬೇಕೆನ್ನಿಸಿ, ಆ ಹಸಿರುಗಪ್ಪು ನೀರಿಗೆಲ್ಲ ಬಟ್ಟೆ ಒಗೆಯುವ ಸೋಡಾಪುಡಿ ಸುರಿದಳು. ಹುಳಿಯೂ ಕ್ಷಾರವೂ ಸೇರಿದರೆ ಏನಾಗುತ್ತದೆಂದು ಮೈಸೂರಿನಲ್ಲಿ ಮೂರು ವರ್ಷ ಓದಿದವಳು ಅವಳೇ. ಪಾತ್ರೆ ಬುಸ್ಸೆಂದು ಉಕ್ಕಿ ಜಗಲಿಯ ಮೆಟ್ಟಿಲಿಳಿಯಿತು. ಆ ನೊರೆ ಬಂದು ತಲುಪಿದ್ದು ಒಂದು ಜೊತೆ ಪೊಲೀಸು ಬೂಟುಗಳ ಬಳಿ.

ಪುಲ್ಪಳ್ಳಿ ಕಡೆ ಕ್ರಾಂತಿಕಾರಿಗಳು ಪೊಲೀಸರ ಮೇಲೆ ಬಿದ್ದ ಗಲಾಟೆಯಾದಂದಿನಿಂದ ಪೊಲೀಸರು ಹೀಗೆ ಎಲ್ಲೆಂದರಲ್ಲಿ ಪ್ರತ್ಯಕ್ಷರಾಗುತ್ತಿದ್ದರು. ಕೇಣಿಚಿರದ ಗೋಡೆಗಳ ಮೇಲೆ ಬೆಳಗಾಗುವಷ್ಟರಲ್ಲಿ ಭೂಮಿ ಉಳುವವನಿಗೆ ಎಂದು ಕೆಂಪಕ್ಷರ ಮೂಡಿರುತ್ತಿತ್ತು. ಬರೆದವರು ಮಾತ್ರ ಯಾರ ಕೈಗೂ ಸಿಗುತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಶ್ರೀಧರನ್ ಮತ್ತು ಅವರ ಇಬ್ಬರು ಪೇದೆಗಳು ಖಾಲಿ ಬಾಟಲಿಗಳನ್ನು ನೋಡಿದರು, ಪುಡಿಗಳನ್ನು ನೋಡಿದರು, ತಣ್ಣಗಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕನೆಯ ಬಾಟಲಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಇದೇನು ಎಂದು ಮಲಯಾಳದಲ್ಲಿ ಕೇಳಿದರು. ಶಾಂತ ತನಗೆ ಬಂದ ಭಾಷೆಗಳಲ್ಲೆಲ್ಲ ಪ್ರಾಮಾಣಿಕವಾಗಿ ವಿವರಿಸಿದಳು. ಅದರಲ್ಲಿ ಅವರಿಗೆ ಅರ್ಥವಾದದ್ದು ಒಂದೇ ಶಬ್ದ, ಆಸಿಡ್.

ಪೇದೆಯೊಬ್ಬ ಬಂದೂಕು ಸರಿಪಡಿಸಿಕೊಂಡ. ತನ್ನನ್ನು ಎಲ್ಲಿಗೆ ಕೊಂಡೊಯ್ದರೂ ಸರಿಯೇ, ಅಲ್ಲಿ ಮಗುವಿನ ಹಾಲು ಕುದಿಸಿ ಕೊಡುತ್ತಾರೋ ಇಲ್ಲವೋ ಎಂಬುದೇ ಶಾಂತಳ ಚಿಂತೆಯಾಗಿತ್ತು. ವೆಳ್ಳಚ್ಚಿ ಮಾತ್ರ ಮಗುವನ್ನು ಎದೆಗವಚಿಕೊಂಡು ಶಾಂತಳ ಮುಂದೆ ಬಂದು ನಿಂತಳು. ತನ್ನ ಗುಡಿಸಲನ್ನು ಈ ತಿಂಗಳಲ್ಲಿ ಮೂರು ಸಲ ಮಗುಚಿದ್ದೀರಿ, ಗಂಜಿಯ ಮಡಕೆ ಬಿಟ್ಟು ಏನೂ ಸಿಗಲಿಲ್ಲ, ಇಲ್ಲಿ ಕಾಸು ತೊಳೆದದ್ದು ಸಿಕ್ಕಿತೋ ಎಂದು ಸಾವಕಾಶವಾಗಿ ಕೇಳಿದಳು.

ಅಷ್ಟರಲ್ಲಿ ಅತ್ತೆ ಬಂದರು, ತಲೆಯ ಮೇಲೆ ಬಾಳೆಗೊನೆ. ಅಂಗಳದ ನೊರೆ, ಪೊಲೀಸರು, ಸೊಸೆಯ ಮುಖ, ಕೊನೆಗೆ ಹೊಳೆಯುವ ಏಳು ಆನೆ, ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದರು. ಗೊನೆ ಇಳಿಸಿದರು. ಬಟ್ಟೆ ಬಿಚ್ಚಿ ನಾಲ್ಕನೆಯ ಬಾಟಲಿಯನ್ನು ಎತ್ತಿ, ಜಗಲಿಯ ಅಂಚಿಗಿಟ್ಟು ಕುಟ್ಟಿ ಮುಚ್ಚಳ ಹಾರಿಸಿದರು. ಡಬ್ ಎಂದ ಸದ್ದಿಗೆ ಪೊಲೀಸು ಇಲಾಖೆ ನೆಲಕ್ಕೆ ಕೂತಿತು. ಅತ್ತೆ ಹುಟ್ಟಿದಂದಿನಿಂದ ಕೋಲಾ ಕಂಡವರಲ್ಲ. ಒಂದೇ ಉಸಿರಿಗೆ ಅರ್ಧ ಬಾಟಲಿ ಕುಡಿದು, ಗದ್ದೆಯಾಚೆಗೂ ಕೇಳುವ ಹಾಗೆ ತೇಗಿದರು.

"ನೋಡಿ ಸಾರೇ, ಇದು ಬಾಂಬಾದ್ರೆ ಈಗ ನಾನು ಸಿಡೀಬೇಕು," ಎಂದರು. "ನಾಳೆ ಮಗೂಗೆ ಅನ್ನ ಉಣಿಸ್ತೀವಿ. ಊಟಕ್ಕೆ ಬನ್ನಿ. ಬಂದೂಕು ಬೇಡ."

ಶ್ರೀಧರನ್ ಬಹಳ ಹೊತ್ತು ಬೂಟಿನ ನೊರೆ ಒರೆಸಿಕೊಂಡರು. ಹೋಗುವಾಗ ನಿಂತು, ತಮ್ಮ ಬೆಲ್ಟಿನ ಹಿತ್ತಾಳೆಯೂ ಹೀಗೆ ಹೊಳೆದೀತೇ ಎಂದು ಮೆಲ್ಲಗೆ ವಿಚಾರಿಸಿದರು.

ಅವರು ಗೇಟು ದಾಟಿದ್ದೇ ತಡ, ಶಾಂತ ಅತ್ತೆಯ ಕಾಲ ಬಳಿ ಕುಸಿದು ಅತ್ತಳು. ಪೊಲೀಸಿನ ಭಯಕ್ಕೆ ಸ್ವಲ್ಪ, ಕಾಸಿನ ಭಯಕ್ಕೆ ಬಹಳ. ಅತ್ತೆ ಉಳಿದ ಕೋಲಾ ಮುಗಿಸಿ, ಸೊಸೆಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು.

"ಅಳಬೇಡ ಮಗಳೇ. ನಾನು ಈ ಮನೆಗೆ ಬಂದ ಹೊಸತರಲ್ಲಿ ಪೆಟ್ಟಿಗೆ ಕೈತಪ್ಪಿ ಒಲೆಬೂದಿಗೆ ಬಿತ್ತು. ಏಳೂ ಒಂದೇ ಬಣ್ಣ ಆಯ್ತು. ನಮ್ಮತ್ತೆಗೆ ಹೇಳೋಕೆ ಧೈರ್ಯ ಬರಲಿಲ್ಲ. ಬಾಲಂಗೆ ಅನ್ನ ಉಣಿಸೋವಾಗ ಕೈಗೆ ಸಿಕ್ಕಿದ್ದನ್ನ ತೆಗೆದು ಇದೇ ಅಂದೆ. ಯಾರೂ ಕೇಳಲಿಲ್ಲ."

"ಹಾಗಾದರೆ ಇವರಿಗೆ ಕಟ್ಟಿದ್ದು ಯಾರದ್ದು, ಅತ್ತೆ?"

"ಮಾಧವಂದೇ ಇರಬೇಕು."

ಊಟವಾದ ಮೇಲೆ ಗಂಡನನ್ನು ಎಬ್ಬಿಸಲು ಯಾಕಷ್ಟು ಕಷ್ಟವೆಂಬುದು ಶಾಂತಳಿಗೆ ಮದುವೆಯಾಗಿ ಎರಡು ವರ್ಷದ ಮೇಲೆ ಅರ್ಥವಾಯಿತು. ಆದರೆ ಕೋಪ ಬರಲಿಲ್ಲ. ಆ ಗುಣವೇ ಹೀಗೆ, ಯಾಕೆ ಏನು ಎಂದು ಕೇಳದೆ ಕೋಲಾ ತರುವುದಾದರೆ, ಮಗನಿಗೂ ಬರಲಿ ಎನ್ನಿಸಿತು. ತಾಯಿಯನ್ನು ಮೈಸೂರಿನಲ್ಲಿ ಬಿಟ್ಟು ಬಂದೆನೆಂದು ಇಷ್ಟು ದಿನ ನೆನೆದು ಅಳುತ್ತಿದ್ದವಳು ಅತ್ತೆಯ ಕೋಲಾ ವಾಸನೆಯ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಮರುದಿನ ನೆಂಟರು ತುಂಬಿದರು. ಗಂಡನ ಅಕ್ಕ ಕಾಸು ನೋಡಿ ಹುಬ್ಬೇರಿಸಿದರು. ಇದು ಬಾಲಂದೇ ಎಂದು ಏನು ಖಾತ್ರಿ ಎಂದು ಕೇಳಿದರು. ಅತ್ತೆ ಅಲುಗಾಡದೆ, "ತೊಳೆದವಳು ಶಾಂತ. ಓದಿದವಳು. ಅವಳಿಗೇ ಗೊತ್ತು," ಎಂದುಬಿಟ್ಟರು.

ಇಡೀ ಮನೆ ಅವಳತ್ತ ತಿರುಗಿತು. ಶಾಂತ ಆ ಕಾಸನ್ನೇ ಎತ್ತಿ ಹಿಡಿದು, ಇದೇ ಎಂದಳು. ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಅವಳಿಗೇ ನಂಬಿಕೆ ಬಂತು. ಕಾಸು ಕೊರಳಿಗೆ ಬಿದ್ದ ಕೂಡಲೇ ವಿಜಯನ್ ಅದನ್ನು ಬಾಯಿಗೆ ಹಾಕಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಡನ ಅಕ್ಕ, ಹಾಗಾದರೆ ತಮ್ಮದು ಯಾವುದೆಂದು ಕೇಳಿದರು. ತೋರಿಸಿದಳು. ಚಿಕ್ಕಪ್ಪ ಮಾಧವನ್ ಊಟಕ್ಕೆ ಮುಂಚೆ ತಮ್ಮದನ್ನೂ ನೋಡಬೇಕೆಂದರು. ಅದನ್ನೂ ತೋರಿಸಿದಳು. ಒಬ್ಬೊಬ್ಬರಾಗಿ ಏಳೂ ಕಾಸಿಗೂ ವಾರಸುದಾರರು ಹುಟ್ಟಿದರು. ಎಲ್ಲರೂ ಇಂಥ ಸೊಸೆ ಸಿಕ್ಕಿದ್ದು ಮನೆಯ ಪುಣ್ಯವೆಂದರು. ಅತ್ತೆ ಅಲ್ಲೇ ಪೆಟ್ಟಿಗೆಯ ಬೀಗದಕೈಯನ್ನು ಬಿಚ್ಚಿ ಅವಳ ಸೊಂಟಕ್ಕೆ ಸಿಕ್ಕಿಸಿದರು. ಆ ಕ್ಷಣಕ್ಕೆ, ಯಾವುದನ್ನು ಯಾರದ್ದೆಂದು ಹೇಳಿದೆನೆಂಬುದು ಶಾಂತಳಿಗೆ ಪೂರ್ತಿ ಮರೆತುಹೋಯಿತು.

ನೆಂಟರು ಹೋದ ಮೇಲೆ, ಲೋಕದ ಕೊಳೆಯನ್ನೆಲ್ಲ ಕುದಿಸಿ ಕೊಲ್ಲುತ್ತಿದ್ದ ಆ ವಿಜ್ಞಾನ ಪದವೀಧರೆ ನೆಲದ ಮೇಲೆ ಕೂತು, ಮಗುವಿನ ಕೊರಳಿನದನ್ನು ಬಿಟ್ಟು ಆರು ಕಾಸುಗಳನ್ನು ಹರಡಿಕೊಂಡು, ನೆನಪಾದ ಮಟ್ಟಿಗೆ ಒಂದಕ್ಕೆ ದೀಪದ ಮಸಿ, ಒಂದಕ್ಕೆ ಹರಳೆಣ್ಣೆ, ಒಂದಕ್ಕೆ ಸಗಣಿ ಎಂದು ಶ್ರದ್ಧೆಯಿಂದ ತಿಕ್ಕುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಮಗುವನ್ನು ಅವಳ ಮಡಿಲಿಗಿಟ್ಟು ಹೇಳಿದರು:

"ಇವನದ್ದಕ್ಕೂ ಒಂದಿಷ್ಟು ಹಚ್ಚಿಬಿಡು ಮಗಳೇ. ನಾಳೆ ಇವನ ಹೆಂಡತಿ ಕೇಳ್ತಾಳೆ."