ಮೇಷ್ಟ್ರು ಸುರಿದ ಪುಡಿ ಉಪ್ಪು

"ಈ ಸಲ ನಿಮ್ಮ ಕೂದಲು ರೇಷ್ಮೆ ಆಗ್ದೇ ಇದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ ಅತ್ತೆ!" ಎಂದು ರಸಾಯನಶಾಸ್ತ್ರದ ಮೇಷ್ಟ್ರು ಫೋನಿನಲ್ಲೇ ಪಣ ತೊಟ್ಟುಬಿಟ್ಟರು.

ಮದುವೆಯಾಗಿ ಹದಿನಾರು ವರ್ಷ. "ನಮ್ಮ ಅಳಿಯ ಬುದ್ಧಿವಂತ" ಎಂಬ ಮೂರೇ ಮೂರು ಮಾತು ಅತ್ತೆಯ ಬಾಯಿಂದ ಇನ್ನೂ ಉದುರಿರಲಿಲ್ಲ. ಬಂದಾಗಲೆಲ್ಲ ಒಂದೇ ದೂರು: "ನಿಮ್ಮನೆ ನೀರಲ್ಲಿ ತಲೆಸ್ನಾನ ಮಾಡಿದ್ರೆ ಕೂದಲು ಪೊರಕೆ ಆಗುತ್ತೆ." ಈಗ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಮನೆಗೆ ಬಂದಿತ್ತು. ಅದರ ತೊಟ್ಟಿಗೆ ಉಪ್ಪು ತುಂಬಿದರೆ ಮುಗಿಯಿತು, ಆ ಮೂರು ಮಾತು ಮೇಷ್ಟ್ರ ಜೇಬಿಗೆ!

ಅಂಗಡಿಯವನು ಉಪ್ಪಿನ ಬಿಳಿ ಬಿಲ್ಲೆಗಳ ಚೀಲ ಮುಂದಿಟ್ಟ. "ಆ ಮಿಷಿನ್‌ಗೆ ಇದೇ ಹಾಕ್ಬೇಕು ಸಾರ್."

"ಪುಡಿ ಉಪ್ಪು ಕೊಡಪ್ಪಾ. ಪುಡಿ ಆದಷ್ಟೂ ಬೇಗ ಕರಗುತ್ತೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಇದನ್ನೇ ಹೇಳ್ಕೊಡ್ತಿದೀನಿ!"

ಮನೆಯಲ್ಲಿ ಹೆಂಡತಿ ಮಿಷಿನ್ನಿನ ಪುಸ್ತಕ ಹಿಡಿದು ನಿಂತಿದ್ದಳು. "ರೀ, ಪುಡಿ ಹಾಕ್ಬೇಡಿ ಅಂತ ದಪ್ಪಕ್ಷರದಲ್ಲಿ ಬರ್ದಿದಾರೆ."

"ಬರೆದವನು ಎಷ್ಟು ಓದಿದಾನೋ ಯಾರಿಗ್ಗೊತ್ತು?" ಎಂದ ಮೇಷ್ಟ್ರು, ಅಡಿಗಲ್ಲು ಹಾಕಲು ಬಂದ ಮಂತ್ರಿಗಳ ಗತ್ತಿನಲ್ಲಿ ಎರಡು ಚೀಲ ಪುಡಿ ಸುರಿದರು.

ವಾರ ಕಳೆದು ಅತ್ತೆ ಬಂದರು. ಬಂದವರೇ ಬಚ್ಚಲಿಗೆ ಹೋದರು. ಎರಡು ನಿಮಿಷ ಆಗಿರಲಿಲ್ಲ, ಒಳಗಿನಿಂದ ಮನೆ ಅದುರುವಂಥ ಕೂಗು!

"ಅಯ್ಯಯ್ಯೋ! ನಲ್ಲೀಲಿ ಸಮುದ್ರ ಬರ್ತಿದೆ! ಬಾಯೆಲ್ಲಾ ಉಪ್ಪು, ಕಣ್ಣೆಲ್ಲಾ ಉರಿ!"

ಮೇಷ್ಟ್ರು ಓಡಿಹೋಗಿ ತೊಟ್ಟಿಯ ಮುಚ್ಚಳ ತೆಗೆದರು. ಮೇಲಿನ ಉಪ್ಪು ಹೆಪ್ಪುಗಟ್ಟಿ ಬಂಡೆಯಾಗಿತ್ತು. ತಳದ್ದು ಕೆಸರಾಗಿ ಕೊಳವೆಗೆ ಕಟ್ಟಿಕೊಂಡು, ಮಿಷಿನ್ ವಾರಕ್ಕೊಮ್ಮೆ ತನ್ನನ್ನು ತೊಳೆದುಕೊಂಡು ಮೋರಿಗೆ ಬಿಡಬೇಕಿದ್ದ ಉಪ್ಪುನೀರು ಸೀದಾ ಅತ್ತೆಯ ತಲೆಗೆ ಹೋಗಿತ್ತು. ಸೌಟಿನಲ್ಲಿ ಚುಚ್ಚಿದರೆ ಸೌಟು ಬಾಗಿತು. ಲಟ್ಟಣಿಗೆಯಲ್ಲಿ ಕುಟ್ಟಿದರೆ ಲಟ್ಟಣಿಗೆ ಎರಡಾಯಿತು. ಸುತ್ತಿಗೆ ಎತ್ತುವಷ್ಟರಲ್ಲಿ ಹೆಂಡತಿ ಕೈ ಹಿಡಿದಳು.

"ಸಾಕು ನಿಮ್ಮ ಪ್ರಯೋಗ! ರಿಪೇರಿಯವರಿಗೆ ಫೋನ್ ಮಾಡಿದೀನಿ."

ಬಂದ ರಿಪೇರಿಯವನು ಬೇರೆ ಯಾರೂ ಅಲ್ಲ, ಮೇಷ್ಟ್ರ ಹಳೆಯ ವಿದ್ಯಾರ್ಥಿ! ದಿನಕ್ಕೆ ಹತ್ತು ಮನೆ ಸುತ್ತುವ ವಾಚಾಳಿ. ಸಂಜೆಯೊಳಗೆ ಸುದ್ದಿ ಶಾಲೆಗೆ ಮುಟ್ಟುತ್ತದೆ. ನಾಳೆ ಯಾವ ಮುಖ ಹೊತ್ತು ಪಾಠ ಮಾಡುವುದು?

ಅವನು ತೊಟ್ಟಿಯೊಳಗೆ ಇಣುಕಿ ನಕ್ಕ. "ಇದಕ್ಕೆ ಪುಡಿ ಸುರಿದ ಪುಣ್ಯಾತ್ಮರು ಯಾರು ಸಾರ್?"

ಹೆಂಡತಿ ಬಾಯಿ ತೆರೆದೇಬಿಟ್ಟಳು. ಅಷ್ಟರಲ್ಲಿ ತಲೆಗೆ ಟವೆಲು ಸುತ್ತಿದ ಅತ್ತೆ ಮುಂದೆ ಬಂದರು.

"ನಾನೇ ಕಣಪ್ಪಾ. ವಯಸ್ಸಾಯ್ತು, ಗೊತ್ತಾಗ್ಲಿಲ್ಲ."

"ಅಯ್ಯೋ ಅಜ್ಜೀ! ಮನೇಲೇ ಇಷ್ಟು ದೊಡ್ಡ ಮೇಷ್ಟ್ರಿದಾರೆ, ಅವರನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು" ಎಂದು ಮೇಷ್ಟ್ರೂ ಗಂಭೀರವಾಗಿ ತಲೆಯಾಡಿಸಿದರು! ಅಷ್ಟಕ್ಕೇ ಬಿಡದೆ, "ನೋಡಿ ಅತ್ತೆ, ಬಿಲ್ಲೆಗಳ ಮಧ್ಯೆ ನೀರು ಓಡಾಡೋಕೆ ಜಾಗ ಇರುತ್ತೆ" ಎಂದು ಪಾಠವನ್ನೂ ಶುರುಮಾಡಿದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ತೊಟ್ಟಿ ತೊಳೆದು, ಬಿಲ್ಲೆ ತುಂಬಿ ರಿಪೇರಿಯವನು ಹೋದ. ಮೇಷ್ಟ್ರ ಕಣ್ಣು ತುಂಬಿ ಬಂತು.

"ಅತ್ತೆ, ನನ್ನ ಮಾನ ಉಳಿಸಿದ್ರಿ!"

ಅತ್ತೆ ಅಂಟಂಟಾದ ಕೂದಲಿನ ಸಿಕ್ಕು ಬಿಡಿಸುತ್ತಲೇ ಹೇಳಿದರು:

"ನಿಮ್ಮದನ್ನ ಯಾರು ಉಳಿಸಿದ್ರು ಅಳಿಯಂದಿರೇ? ಬಂದ ಹತ್ತು ಗಂಡುಗಳನ್ನ ಬೇಡ ಅಂದು ನಿಮ್ಮನ್ನ ಆರಿಸಿದ್ದು ನಾನೇ ಅಂತ ಎಲ್ಲರಿಗೂ ಗೊತ್ತಲ್ಲ, ನಾನು ಉಳಿಸ್ಕೊಂಡಿದ್ದು ನನ್ನ ಮಾನ!"